ಫ್ರೆಂಚ್ ಪತ್ರದಲ್ಲಿ ಕಷ್ಟ ಹೇಳಿಕೊಳ್ಳುವುದು ಹೇಗೆ?

ಪ್ರಶ್ನೆ: ಫ್ರೆಂಚ್ ಕಲಿಯುತ್ತಿದ್ದೇನೆ. ಕಚೇರಿಗೆ ಪತ್ರ ಬರೆಯುವಾಗ ‘ತೊಂದರೆಯಾಗಿದೆ’ ಎನ್ನಲು ಯಾವ ಮಾತು ಬಳಸಬೇಕು?

ಉತ್ತರ: ಮನೆಯಲ್ಲಿ, ಗೆಳೆಯರಲ್ಲಿ ‘ಜೆ ದ್ಯು ಮಾಲ್ ಆ...’ ಎಂದರೆ ಸಾಕು. ಹುಡುಗರು ‘ಗಾಲೇರೆ’ ಎನ್ನುತ್ತಾರೆ. ಅದರ ಬೇರು ಗಾಲೇರ್, ಅಂದರೆ ಕೈದಿಗಳು ಹುಟ್ಟು ಹಾಕುತ್ತಿದ್ದ ಯುದ್ಧನೌಕೆ. ಫ್ರಾನ್ಸ್ ಆ ನೌಕೆಗಳ ಪ್ರತ್ಯೇಕ ದಳವನ್ನು 1748ರಲ್ಲೇ ರದ್ದು ಮಾಡಿತು, ಮಾತು ಮಾತ್ರ ಉಳಿಯಿತು. ಅರ್ಜಿಯಲ್ಲಿ ಅದು ಸಲ್ಲದು.

ಪತ್ರಕ್ಕೆ ನನ್ನ ಮೊದಲ ಆಯ್ಕೆ ‘ಎಪ್ರೂವೆ ದೆ ದಿಫಿಕ್ಯುಲ್ತೆ ಆ’. ‘ಜೆಪ್ರೂವ್ ದೆ ದಿಫಿಕ್ಯುಲ್ತೆ ಆ ಪೇಯೆ ಮೋ ಲ್ವಾಯೆ’ ಎಂದರೆ ಬಾಡಿಗೆ ಕಟ್ಟಲು ಕಷ್ಟವಾಗುತ್ತಿದೆ ಎಂದು. ಗೋಗರೆದಂತೆ ಕೇಳಿಸುವುದಿಲ್ಲ, ದೂರಿದಂತೆಯೂ ಅಲ್ಲ. ‘ಸ ಅರ್ತೆ ಆ’ ಬೇರೆ: ಹೋಗಿ ಅಡ್ಡಿಗೆ ಡಿಕ್ಕಿ ಹೊಡೆದ ಭಾವ ಅದರಲ್ಲಿದೆ. ನಿರಾಕರಣೆ, ವಿರೋಧ ಎದುರಾದಾಗ ಅದನ್ನು ಬಳಸಿ. ‘ಫೇರ್ ಫಾಸ್ ಆ’ ಎಂದಾಗ ನೀವು ಕಷ್ಟಕ್ಕೆ ಎದೆಗೊಟ್ಟು ನಿಂತಿದ್ದೀರಿ. ನೆರವು ಕೇಳುವ ಪತ್ರಕ್ಕೂ ಅದು ಘನತೆ ಕೊಡುತ್ತದೆ.

ಕೊನೆಯ ‘ಆ’ ಬಗ್ಗೆ ಎಚ್ಚರ. ಮುಂದೆ ಪುಲ್ಲಿಂಗದ ‘ಲ’ ಬಂದರೆ ಎರಡೂ ಕೂಡಿ ‘ಓ’ ಆಗುತ್ತದೆ: ‘ಫೇರ್ ಫಾಸ್ ಓ ಪ್ರೋಬ್ಲೆಮ್’. ಹೊಸಬರು ಎಡವುವುದು ಇಲ್ಲೇ, ಹಾಗಾಗಿ ಪದವನ್ನು ‘ಆ’ ಸಮೇತವೇ ಬಾಯಿಪಾಠ ಮಾಡಿ.