ಗಡಿ ದಾಟುವ ಲಾರಿಯ ದಿನಚರಿ

ಲಾರಿ ನಡೆಸುವವನು ಇಷ್ಟು ಹೊತ್ತು ದುಡಿಯತಕ್ಕದ್ದು, ಇಷ್ಟು ಹೊತ್ತು ಮಲಗತಕ್ಕದ್ದು ಎಂದು ಸರ್ಕಾರವೇ ಗೊತ್ತುಮಾಡುವುದು ನಮ್ಮ ವಾಚಕರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನಿದ್ದೆಗೆಟ್ಟವನ ಕೈಯಲ್ಲಿರುವ ಭಾರವಾದ ಬಂಡಿಯು ಯಾರ ಮೇಲೆ ಹರಿಯುವುದೋ ಹೇಳಬಲ್ಲವರಾರು? ಈ ಭಯದಿಂದಲೇ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1930ರ ದಶಕದಿಂದಲೂ ಇಂತಹ ಕಟ್ಟಳೆಗಳಿವೆ. ನಮ್ಮ ದೇಶದಲ್ಲಿಯೂ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಸಾಮಾನ್ಯ ಮಿತಿಯನ್ನು ವಿಧಿಸಿತು.

ಒಂದೇ ದೇಶದಲ್ಲಿ ಓಡಾಡುವವನು ಒಂದು ಲೆಕ್ಕವನ್ನಿಟ್ಟರೆ ಸಾಕು. ಕೆನಡಾ ದೇಶಕ್ಕೂ ಸಂಯುಕ್ತ ಸಂಸ್ಥಾನಗಳಿಗೂ ನಡುವೆ ಸರಕು ಸಾಗಿಸುವವನ ಪಾಡು ಬೇರೆ. ಸಂಯುಕ್ತ ಸಂಸ್ಥಾನಗಳಲ್ಲಿ ಅವನು 11 ಗಂಟೆಗಳಿಗಿಂತ ಹೆಚ್ಚು ಬಂಡಿ ನಡೆಸಕೂಡದು. ಕೆಲಸಕ್ಕೆ ತೊಡಗಿದ 14 ಗಂಟೆಗಳ ಮೇಲೆ ಚಕ್ರವನ್ನು ಮುಟ್ಟಕೂಡದು. ಮತ್ತೆ ಹೊರಡಬೇಕಾದರೆ ಎಡೆಬಿಡದೆ 10 ಗಂಟೆಗಳ ವಿರಾಮ ಬೇಕು. ಕೆನಡಾದಲ್ಲಾದರೋ 13 ಗಂಟೆ ನಡೆಸಬಹುದು. ಅಲ್ಲಿಯೂ ದಿನಕ್ಕೆ 10 ಗಂಟೆಗಳ ವಿರಾಮ ಉಂಟು. ಆದರೆ 8 ಗಂಟೆ ಒಟ್ಟಿಗೆ ದೊರೆತರೆ ಮಿಕ್ಕುದನ್ನು ಅರ್ಧರ್ಧ ಗಂಟೆಯಾಗಿ ಹಂಚಿಕೊಳ್ಳಬಹುದು. ಉತ್ತರ ಅಕ್ಷಾಂಶ 60 ಡಿಗ್ರಿಯಿಂದಾಚೆಯ ಹಿಮಪ್ರದೇಶದಲ್ಲಿ ಕೆನಡಾದ ಕಟ್ಟಳೆಯೇ ಮತ್ತಷ್ಟು ಸಡಿಲವಾಗಿ, 15 ಗಂಟೆಗಳವರೆಗೆ ನಡೆಸಲು ಎಡೆಗೊಡುತ್ತದೆ.

ಇದರ ಫಲವೇನೆಂಬುದನ್ನು ನೋಡೋಣ. ಕ್ವಿಬೆಕ್ ನಗರದಿಂದ ಹೊರಟ ಒಬ್ಬನು 12 ಗಂಟೆ ಬಂಡಿ ನಡೆಸಿ ವಿಂಡ್ಸರ್ ಪಟ್ಟಣವನ್ನು ಮುಟ್ಟಿದನೆನ್ನಿ. ಅಲ್ಲಿ ಅವನು ನಿರಪರಾಧಿ. ಇನ್ನೂ ಒಂದು ಗಂಟೆ ನಡೆಸಲು ಅವನಿಗೆ ಹಕ್ಕುಂಟು. ಎದುರಿಗೇ ನದಿ, ನದಿಗೆ 1929ರಲ್ಲಿ ತೆರೆದ ಅಂಬಾಸಡರ್ ಸೇತುವೆ, ಆಚೆಯ ದಡದಲ್ಲಿ ಡೆಟ್ರಾಯಿಟ್. ಅವನು ಸೇತುವೆಯನ್ನು ದಾಟಿದೊಡನೆ ತಪ್ಪಿತಸ್ಥನಾಗುವನು. ಕೆನಡಾದಲ್ಲಿ ಕಳೆದ ಗಂಟೆಗಳನ್ನೂ ಆಚೆಯವರು ಲೆಕ್ಕಕ್ಕೆ ಹಿಡಿಯುವುದರಿಂದ, ಇಳಿಸಬೇಕಾದ ಉಗ್ರಾಣವು ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಅವನು ಈಚೆಯೇ ತಂಗಬೇಕು.

ದಿನಚರಿಯ ಪುಸ್ತಕದ ವಿಷಯದಲ್ಲಿಯೂ ಇದೇ ತೊಡಕು. ಹಿಂದಿನ 7 ದಿನಗಳ ಲೆಕ್ಕವು ಕೈಯಲ್ಲಿದ್ದರೆ ಸಂಯುಕ್ತ ಸಂಸ್ಥಾನಗಳ ಅಧಿಕಾರಿಗೆ ತೃಪ್ತಿ. ಕೆನಡಾದವರಿಗೆ 14 ದಿನಗಳದು ಬೇಕು. ಹಿಂದೆ ಇದನ್ನು ಕಾಗದದ ಮೇಲೆ ಬರೆಯುತ್ತಿದ್ದರು. ಎರಡು ಪುಸ್ತಕಗಳನ್ನಿಟ್ಟು ಒಂದನ್ನೇ ತೋರಿಸುವ ಜಾಣರೂ ಇದ್ದರು. ಈಗ ಎಂಜಿನ್ನಿಗೆ ಸೇರಿಸಿದ ವಿದ್ಯುನ್ಮಾನ ಯಂತ್ರವೇ ಲೆಕ್ಕ ಬರೆಯುತ್ತದೆ. ಈ ಕ್ರಮವು ಸಂಯುಕ್ತ ಸಂಸ್ಥಾನಗಳಲ್ಲಿ 2017ರ ಡಿಸೆಂಬರಿನಲ್ಲಿಯೂ ಕೆನಡಾದಲ್ಲಿ 2021ರ ಜೂನಿನಲ್ಲಿಯೂ ಜಾರಿಗೆ ಬಂದಿತು. ಅಲ್ಲಿಯೂ ಭೇದವಿದೆ. ಮೊದಲನೆಯ ದೇಶದಲ್ಲಿ ಯಂತ್ರ ಮಾಡಿದವನು ತಾನೇ ಅದು ಸರಿಯೆಂದು ಪ್ರಮಾಣ ಕೊಟ್ಟರೆ ಸಾಕು. ಎರಡನೆಯದರಲ್ಲಿ ಅನ್ಯ ಸಂಸ್ಥೆಯೊಂದು ಪರೀಕ್ಷಿಸಿ ಒಪ್ಪಬೇಕು. ಆದುದರಿಂದ ಒಂದು ಕಡೆ ನಡೆಯುವ ಯಂತ್ರವು ಇನ್ನೊಂದು ಕಡೆ ಸಲ್ಲದೆ ಹೋಗಬಹುದು.

ಆ ದೇಶಗಳಲ್ಲಿ ಅನೇಕ ಚಾಲಕರಿಗೆ ಕೂಲಿಯು ಗಂಟೆಯ ಮೇಲಲ್ಲ, ಓಡಿದ ಮೈಲಿಯ ಮೇಲೆ. ಸುಂಕದ ಕಟ್ಟೆಯ ಸಾಲಿನಲ್ಲಿ ನಿಂತ ಹೊತ್ತು 14 ಗಂಟೆಗಳ ಅವಧಿಯನ್ನು ಕರಗಿಸುವುದೇ ಹೊರತು ಮೈಲಿಯನ್ನು ಕೂಡಿಸುವುದಿಲ್ಲ. ಕಳೆದುಹೋದ ಹೊತ್ತನ್ನು ವೇಗದಿಂದ ತುಂಬಿಕೊಳ್ಳುವ ಆಶೆಯು ಆಗಲೇ ಹುಟ್ಟುವುದು. ನಿದ್ದೆಯನ್ನು ಕಾಪಾಡಲು ಮಾಡಿದ ಕಟ್ಟಳೆಯೇ ಹೀಗೆ ಅವಸರಕ್ಕೆ ಕಾರಣವಾಗುವುದುಂಟು.

ಹಾಗೆಂದು ಕಟ್ಟಳೆಯನ್ನೇ ಕಿತ್ತೊಗೆಯಬೇಕೆಂದು ನಾವು ಹೇಳುವವರಲ್ಲ. ಎರಡು ಸರ್ಕಾರಗಳೂ ಒಂದೇ ಲೆಕ್ಕಕ್ಕೆ ಒಪ್ಪುವವರೆಗೆ, ಗಡಿಯತ್ತ ಹೊರಡುವವನು ಎರಡರಲ್ಲಿ ಬಿಗಿಯಾದುದನ್ನೇ ಹಿಡಿಯುವುದು ಕ್ಷೇಮ: 10 ಗಂಟೆ ಒಂದೇ ಸಮನೆ ವಿರಮಿಸಿ, 11ಕ್ಕೆ ನಿಲ್ಲಿಸಿ, 14 ದಿನಗಳ ಲೆಕ್ಕವನ್ನು ಜೊತೆಯಲ್ಲಿಟ್ಟುಕೊಳ್ಳುವುದು. ಇದರಿಂದಾಗುವ ನಷ್ಟವನ್ನು ಚಾಲಕನೊಬ್ಬನ ತಲೆಗೆ ಕಟ್ಟದೆ, ಕಾದ ಗಂಟೆಗೂ ಕೂಲಿ ಕೊಡುವ ಧರ್ಮವನ್ನು ಲಾರಿಯ ಒಡೆಯರು ಕಲಿಯಬೇಕು. ಅವನ ಮನೆಯಲ್ಲಿಯೂ ಬಾಗಿಲು ತೆರೆದು ಕಾಯುವವರಿದ್ದಾರೆ. ಅವರಿಗೆ ಬೇಕಾದುದು ಬೇಗ ಬಂದ ಸರಕಲ್ಲ, ಸುಖವಾಗಿ ಹಿಂದಿರುಗಿದ ಮನುಷ್ಯ.