ಕಲ್ಲಿನ ಮಯೂರ, ತೆರೆಯ ಮಯೂರ

ನಮ್ಮ ನಾಡಿನಲ್ಲಿ ಇತಿಹಾಸವನ್ನು ಓದಿ ತಿಳಿದವರಿಗಿಂತ ಚಲಚ್ಚಿತ್ರ ನೋಡಿ ತಿಳಿದವರೇ ಹೆಚ್ಚೆಂದರೆ ಪ್ರಾಧ್ಯಾಪಕ ಮಿತ್ರರು ಕೋಪಿಸಿಕೊಂಡಾರು. ಆದರೂ ಮಾತು ಸುಳ್ಳಲ್ಲ. 1960ರ 'ರಣಧೀರ ಕಂಠೀರವ', 1961ರ 'ಕಿತ್ತೂರು ಚೆನ್ನಮ್ಮ', 1975ರ 'ಮಯೂರ' ಇವು ಕನ್ನಡಿಗರ ಮನಸ್ಸಿನಲ್ಲಿ ನಿಲ್ಲಿಸಿರುವ ಅರಸರನ್ನೂ ರಾಣಿಯರನ್ನೂ ಯಾವ ಪಠ್ಯಪುಸ್ತಕವೂ ಕದಲಿಸಲಾರದು. ಈ ವಿಷಯವನ್ನೇ ಹಿಡಿದು ಸಭಿಕರ ಎದುರಿನಲ್ಲಿ ಒಂದು ಪಾಡ್‌ಕಾಸ್ಟ್ ನಡೆಸಬೇಕೆಂದು ಕೆಲವು ತರುಣರು ಈಚೆಗೆ ನನ್ನಲ್ಲಿಗೆ ಬಂದರು. ಒಂದು ಸಂಜೆ ಶಿವಮೊಗ್ಗದಲ್ಲಿ, ಮರುಸಂಜೆ ಭದ್ರಾವತಿಯಲ್ಲಿ. ನಿರೂಪಕನ ಪೀಠ ನನ್ನದು. ಶಾಸನಗಳ ಅಭ್ಯಾಸದಲ್ಲಿ ತಲೆ ನರೆತ ವಿದ್ವಾಂಸರೊಬ್ಬರು ಅತಿಥಿಗಳು.

ಈ ಹೊಸ ಹೆಸರನ್ನು ಕೇಳಿ ಹಿರಿಯ ವಾಚಕರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ಮಾತುಕತೆಯನ್ನು ಧ್ವನಿಮುದ್ರಿಸಿ, ಕೇಳುವವರು ತಮಗೆ ಬಿಡುವಾದಾಗ ಕೇಳುವಂತೆ ಮಾಡುವ ವ್ಯವಸ್ಥೆ, ಅಷ್ಟೆ. 1965ರಿಂದ ಆಕಾಶವಾಣಿಯ ಕೇಂದ್ರವನ್ನು ತನ್ನ ಮಡಿಲಲ್ಲಿಟ್ಟುಕೊಂಡಿರುವ ಭದ್ರಾವತಿಗಾಗಲಿ, 1930ರಿಂದ ಕರ್ನಾಟಕ ಸಂಘದ ಉಪನ್ಯಾಸಗಳನ್ನು ಕೇಳುತ್ತ ಬಂದಿರುವ ಶಿವಮೊಗ್ಗಕ್ಕಾಗಲಿ ಕಿವಿಗೊಟ್ಟು ಕುಳಿತುಕೊಳ್ಳುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಚಿತ್ರ ನೋಡಿ ಚರ್ಚಿಸುವುದೂ ಈ ಜಿಲ್ಲೆಗೆ ಹೊಸತಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತರಿಸಿ, ಪುಣೆಯ ಸತೀಶ್ ಬಹಾದೂರ್ ಅವರಂಥವರಿಂದ ರಸಗ್ರಹಣದ ಪಾಠ ಹೇಳಿಸಿದುದನ್ನು ಬಲ್ಲವರು ಇಲ್ಲಿ ಬೇಕಾದಷ್ಟಿದ್ದಾರೆ.

ನನ್ನ ತೊಡಕು ಬೇರೆಯದು. ಸಭಾಂಗಣದಲ್ಲಿ ಕುಳಿತವರು 'ಮಯೂರ'ದ ತುಣುಕನ್ನು ಕಣ್ಣಾರೆ ನೋಡುತ್ತಾರೆ. ಮುಂದೆ ಎಲ್ಲೋ ಕುಳಿತು ಕೇಳುವವನಿಗೆ ಸಿಗುವುದು ಕತ್ತಿಗಳ ಖಣಖಣ ಮಾತ್ರ. ಆದುದರಿಂದ ತೆರೆಯ ಮೇಲೆ ಓಡುವುದನ್ನೆಲ್ಲ ನಾನು ಮಾತಿನಲ್ಲಿ ಬರೆದು ತೋರಿಸಬೇಕಾಯಿತು. ಕಣ್ಣಿದ್ದವರಿಗೆ ಬೇಸರವಾಗಬಾರದು, ಕಿವಿ ಮಾತ್ರ ಉಳ್ಳವರಿಗೆ ಕೊರತೆಯಾಗಬಾರದು. ಹರಿಕಥೆಯ ದಾಸರು ಈ ವಿದ್ಯೆಯನ್ನು ಎಂದೋ ಕರಗತ ಮಾಡಿಕೊಂಡಿದ್ದರು!

'ಮಯೂರ'ವನ್ನು ಆರಿಸಿಕೊಂಡುದಕ್ಕೆ ಕಾರಣವಿತ್ತು. ಆ ಕಥೆಯ ಬೇರು ಇದೇ ಜಿಲ್ಲೆಯಲ್ಲಿದೆ. ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಹತ್ತಿರ, ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲುಕಂಬವಿದೆ. ಬಿ. ಎಲ್. ರೈಸ್ ಬೆಳಕಿಗೆ ತಂದ ಶಾಸನವದು. ಭಾಷೆ ಸಂಸ್ಕೃತ, ಕಾಲ ಐದನೆಯ ಶತಮಾನದ ನಡುಭಾಗ. ಮನೆಯ ಬಳಿಯ ಕದಂಬ ವೃಕ್ಷವನ್ನು ಸಾಕಿದುದರಿಂದ ಕದಂಬರೆನಿಸಿಕೊಂಡ ವೈದಿಕ ಮನೆತನವೊಂದರ ಕಥೆಯನ್ನು ಅದು ಹೇಳುತ್ತದೆ. ಆ ಮನೆಯ ಮಯೂರಶರ್ಮ ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ವಿದ್ಯಾರ್ಥಿಯಾಗಿ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರರೊಡನೆ ಕಲಹವಾಯಿತು. ದರ್ಭೆ, ಸಮಿತ್ತು, ಹೋಮದ ಸೌಟುಗಳನ್ನು ಹಿಡಿದು ಪಳಗಿದ ಕೈಯಿಂದ ಖಡ್ಗವನ್ನು ಸೆಳೆದ. ಗಡಿಗಾವಲಿನವರನ್ನು ಗೆದ್ದು, ಶ್ರೀಪರ್ವತದವರೆಗಿನ ಕಾಡನ್ನು ಹಿಡಿದು, ಬೃಹದ್ಬಾಣರಿಂದ ಕಪ್ಪ ಪಡೆದು, ಕೊನೆಗೆ ಪಲ್ಲವರಿಂದಲೇ ಮನ್ನಣೆ ಪಡೆದ. ಅವನ ಮಗ ಕಂಗವರ್ಮ. ತಂದೆ ಶರ್ಮ, ಮಗ ವರ್ಮ: ಒಂದು ರಾಜ್ಯ ಹುಟ್ಟಿದ ವೃತ್ತಾಂತವೆಲ್ಲ ಈ ಎರಡು ಪದಗಳ ನಡುವೆ ಅಡಗಿದೆ.

ದೇವುಡು ಅವರ ಕಾದಂಬರಿಯನ್ನು ಆಧರಿಸಿ ವಿಜಯ್ ನಿರ್ದೇಶಿಸಿದ ಚಿತ್ರದಲ್ಲಿ ರಾಜಕುಮಾರರ ಮಯೂರ ಹೀಗಲ್ಲ. ಅವನು ಹುಟ್ಟಿನಿಂದಲೇ ರಾಜವಂಶದವನು; ಬ್ರಾಹ್ಮಣನಾಗಿ ಬೆಳೆದು, ತನ್ನ ನಿಜವನ್ನು ಆಮೇಲೆ ಅರಿಯುತ್ತಾನೆ. ಕಲ್ಲಿನಲ್ಲಿ ಅವನು ಅರಸನಾಗುತ್ತಾನೆ. ತೆರೆಯಲ್ಲಿ ಅರಸನೆಂದು ಗೊತ್ತಾಗುತ್ತದೆ.

ಅತಿಥಿಗಳು ಶಿವಮೊಗ್ಗದಲ್ಲಿ ಇದನ್ನೇ ತಣ್ಣಗೆ ಹೇಳಿದರು. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತ. "ಸರ್, ಅಣ್ಣಾವ್ರ ಚಿತ್ರ ಸುಳ್ಳು ಎನ್ನುತ್ತೀರಾ? ನಮ್ಮ ಅರಸನಿಗೆ ರಾಜರಕ್ತವೇ ಇಲ್ಲವೆಂದು ಹೇಳುವುದಕ್ಕೆ ಇಷ್ಟು ಜನರನ್ನು ಸೇರಿಸಿದಿರಾ?" ಧ್ವನಿ ನಡುಗುತ್ತಿತ್ತು. ಚಪ್ಪಾಳೆಯೂ ಬಿತ್ತು. ಅತಿಥಿಗಳು ಸಿಟ್ಟಾಗಲಿಲ್ಲ. "ಸುಳ್ಳೆಂದು ನಾನು ಹೇಳಲಿಲ್ಲ, ತಮ್ಮಾ. ಆ ಕಂಬವನ್ನು ನೆಡಿಸಿದ ಶಾಂತಿವರ್ಮ ಮಯೂರನಿಂದ ಎಣಿಸಿದರೆ ಐದನೆಯ ತಲೆಮಾರಿನವನು. ಬರೆದವನು ಕುಬ್ಜನೆಂಬ ಕವಿ. ಅವನೂ ಆಸ್ಥಾನದವನೇ, ಒಡೆಯನ ವಂಶವನ್ನು ಹೊಗಳಲು ಕುಳಿತವನೇ. ಇಷ್ಟಾದರೂ ಅವನು ಆ ವಿದ್ಯಾರ್ಥಿಯನ್ನು ವಿದ್ಯಾರ್ಥಿಯಾಗಿಯೇ ಉಳಿಸಿದನಲ್ಲ, ಅದು ನನಗೆ ಆಶ್ಚರ್ಯ." ಅನಂತರದ ಹಾನಗಲ್ಲು, ಗೋವೆಗಳ ಕದಂಬರ ಕಾಲಕ್ಕೆ ಈ ಸರಳತೆ ಸಾಲದೆ ಹೋಯಿತೆಂದೂ, ಶಿವನ ಬೆವರ ಹನಿ ಕದಂಬ ವೃಕ್ಷದ ಬುಡಕ್ಕೆ ಬಿದ್ದು ಮೂರು ಕಣ್ಣಿನ ಮೂಲಪುರುಷ ಹುಟ್ಟಿದನೆಂಬ ಕಥೆ ಶಾಸನಗಳಲ್ಲಿಯೇ ಸೇರಿಕೊಂಡಿತೆಂದೂ ವಿವರಿಸಿದರು. ಮಯೂರನಿಗೆ ಹುಟ್ಟಿನ ಹಿರಿಮೆ ತೊಡಿಸಿದವರಲ್ಲಿ ಸಿನಿಮಾದವರು ಮೊದಲಿಗರಲ್ಲ!

ಹುಡುಗ ಕುಳಿತುಕೊಂಡ; ಒಪ್ಪಿದನೆಂದು ಹೇಳಲಾರೆ. ಸಭೆ ಮುಗಿದ ಮೇಲೆ ಅತಿಥಿಗಳು ನನ್ನನ್ನು ಪಕ್ಕಕ್ಕೆ ಕರೆದು, ಆ ಭಾಗವನ್ನು ಕತ್ತರಿಸಿಬಿಡಿ ಎಂದರು. ಅವರ ಅಂಜಿಕೆ ನಿರಾಧಾರವಲ್ಲ. ಈ ಕಾಲದಲ್ಲಿ ಒಂದು ಗಂಟೆಯ ಮಾತಿನಿಂದ ಅರ್ಧ ನಿಮಿಷವನ್ನು ಕಿತ್ತು ಊರೂರಿಗೆ ಹಂಚುವುದು ಬೆರಳ ತುದಿಯ ಕೆಲಸ; ನಲವತ್ತು ವರ್ಷ ಕಲ್ಲುಗಳ ನಡುವೆ ಅಲೆದವರ ಮೇಲೆ ಒಂದು ರಾತ್ರಿಯಲ್ಲಿ ಅಪವಾದ ಹೊರಿಸಬಹುದು. ಹುಡುಗನಿಗೂ ಅದೇ ಅಪಾಯ. ಅವನ ಸಿಟ್ಟು ಅವನ ಹೆಸರಿಗೆ ಅಂಟಿಕೊಂಡು ಬಹುಕಾಲ ಉಳಿದೀತು. ಆದರೆ ಅದನ್ನು ಕತ್ತರಿಸಿದರೆ ಉಳಿಯುವುದು ಇಬ್ಬರು ಹಿರಿಯರ ಹರಟೆ. ಮರುದಿನದವರೆಗೆ ತೀರ್ಮಾನ ಬೇಡವೆಂದು ಕೇಳಿಕೊಂಡೆ.

ಭದ್ರಾವತಿ ಇಪ್ಪತ್ತು ಕಿಲೋಮೀಟರಿನೊಳಗೇ ಇದ್ದರೂ ಸಭೆಯ ಬಣ್ಣವೇ ಬೇರೆ. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಕುಲುಮೆ 1923ರಲ್ಲಿ ಹೊತ್ತಿತು. ಅದುರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಬರುತ್ತಿತ್ತು. ಪಾಳಿಯ ಸೈರನ್ನಿಗೆ ದಿನವನ್ನು ಹೊಂದಿಸಿಕೊಂಡು ಬಾಳಿದವರು ಸಭೆಯ ಅರ್ಧದಷ್ಟಿದ್ದರು. ಅವರಲ್ಲೊಬ್ಬರು, ನಿವೃತ್ತ ಕಾರ್ಮಿಕರು, ಧ್ವನಿವರ್ಧಕವನ್ನು ಬೇಡವೆಂದು ಸರಿಸಿ ಗಟ್ಟಿಯಾಗಿಯೇ ಮಾತಾಡಿದರು. ಮುದ್ರಿಸುವ ಹುಡುಗ ಹೌಹಾರಿ ಯಂತ್ರವನ್ನೆತ್ತಿಕೊಂಡು ಅವರ ಬಳಿಗೆ ಓಡಿದ.

"ಮೇಷ್ಟ್ರೇ, ಮಯೂರ ಬಂದ ವರ್ಷ ನನಗೆ ಕೆಲಸ ಹೊಸತು. ನಮ್ಮಪ್ಪ ಕೂಲಿ. ಅವನು ಅರಸನ ಮಗ ಅಂತ ಗೊತ್ತಾದಾಗ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಈಗ ನೀವು ಹೇಳ್ತೀರಿ, ಅವನು ಓದೋದಕ್ಕೆ ಹೋದ ಹುಡುಗ, ಅವಮಾನ ತಾಳದೆ ಎದ್ದು ನಿಂತ ಅಂತ. ಹಾಗಿದ್ದರೆ ಅದೇ ದೊಡ್ಡದಲ್ಲವೇ? ಅದನ್ನು ನಮಗೆ ಯಾಕೆ ತೋರಿಸಲಿಲ್ಲ?"

ನಾನು ಅತಿಥಿಗಳ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು. ಉತ್ತರ ಬಂದುದು ಮೂರನೆಯ ಸಾಲಿನ ಉಪಾಧ್ಯಾಯಿನಿಯೊಬ್ಬರಿಂದ: "ಹಾಗೆ ತೋರಿಸಿದ್ದರೆ ನೀವು ಶಿಳ್ಳೆ ಹೊಡೆಯುತ್ತಿದ್ದಿರಾ, ಯಜಮಾನರೇ?" ಮುದುಕರು ಕ್ಷಣಕಾಲ ಯೋಚಿಸಿದರು. "ಆಗ ಹೊಡೀತಿರಲಿಲ್ಲ. ಈಗ ಹೊಡೀತೇನೆ" ಎಂದರು. ಸಭೆ ನಕ್ಕಿತು. ಅವರು ಮಾತ್ರ ನಗಲಿಲ್ಲ.

ಧ್ವನಿಮುದ್ರಿಕೆಯಲ್ಲಿ ಆ ನಗೆಗೆ ಮುಂಚೆ ಬಹಳ ಹೊತ್ತಿನ ಮೌನವಿದೆ. ಕೇಳುವವರು ಯಂತ್ರ ಕೆಟ್ಟಿತೆಂದುಕೊಂಡಾರು, ಮೊಟಕು ಮಾಡೋಣವೆಂದು ತರುಣರು ಸೂಚಿಸಿದರು. ಬೇಡವೆಂದೆ. ಅತಿಥಿಗಳೇ ಆಗ ಮುಂದೆ ಬಂದು, ಶಿವಮೊಗ್ಗದ ಭಾಗವೂ ಇರಲಿ, ಆದರೆ ಹುಡುಗನ ಪ್ರಶ್ನೆ, ಅವನಿಗೆ ಬಿದ್ದ ಚಪ್ಪಾಳೆ, ತಮ್ಮ ಉತ್ತರ ಮೂರೂ ಒಂದಕ್ಕೊಂದು ತಗುಲಿಕೊಂಡೇ ಇರಬೇಕು ಎಂದರು. ಹುಡುಗನನ್ನೂ ಕೇಳಿದೆವು. ಹೆಸರು ಬೇಡ, ಮಾತು ಇರಲಿ ಎಂದ.

ಹೊರಡುವಾಗ ಆ ಯಜಮಾನರು ತಾಳಗುಂದಕ್ಕೆ ದಾರಿ ಕೇಳಿದರು. ಶಿಕಾರಿಪುರದ ಮೇಲೆ ಶಿರಾಳಕೊಪ್ಪಕ್ಕೆ ಹೋಗಿ ಅಲ್ಲಿ ವಿಚಾರಿಸಿ ಎಂದೆ. ಆ ಅಕ್ಷರ ತಮಗೆ ತಿಳಿದೀತೇ ಎಂದು ಅತಿಥಿಗಳನ್ನು ಕೇಳಿದರು. "ತಿಳಿಯುವುದಿಲ್ಲ, ಬಹಳ ಹಳೆಯ ಲಿಪಿ. ಆದರೆ ಕಂಬದ ಬುಡದಲ್ಲಿ ಕುಳಿತು ನೋಡಿ. ಎಂಟು ಮುಖದ ಕಂಬ, ಸಾಲುಗಳು ಅಡ್ಡಕ್ಕಿಲ್ಲ, ಬುಡದಿಂದ ಹೊರಟು ಮೇಲಕ್ಕೆ ಹತ್ತುತ್ತವೆ" ಎಂದು ಅವರು ಗಾಳಿಯಲ್ಲಿ ಕೈಯೆತ್ತಿ ತೋರಿಸಿದರು.