ಸಂಕೇತ ವ್ಯಾಪ್ತಿಯ ಅಳತೆ: ಅಲ್ಪವೆಚ್ಚದ ಸಾಧನಗಳ ತೌಲನಿಕ ವಿವೇಚನೆ

ತಂತ್ರಾಂಶವೊಂದನ್ನು ಪರೀಕ್ಷೆಗೆ ಒಳಪಡಿಸಿದಾಗ ಅದರ ಆಕರ ಸಂಕೇತದ ಎಷ್ಟು ಭಾಗ ನಿಜವಾಗಿ ಕಾರ್ಯಗತವಾಯಿತು, ಎಷ್ಟು ಭಾಗ ಪರೀಕ್ಷೆಯಿಂದ ಹೊರಗುಳಿಯಿತು ಎಂಬುದನ್ನು ತಿಳಿಸುವ ಅಳತೆಯೇ ಸಂಕೇತ ವ್ಯಾಪ್ತಿ. ವೃತ್ತಿನಿರತರಲ್ಲಿ ಇದು ‘ಕೋಡ್ ಕವರೇಜ್’ ಎಂದೇ ರೂಢಿಯಲ್ಲಿದೆ. 1963ರಲ್ಲಿ ಜೋನ್ ಮಿಲರ್ ಮತ್ತು ಕ್ಲಿಫರ್ಡ್ ಮಲೋನಿ ಪ್ರಕಟಿಸಿದ ಲೇಖನವನ್ನು ಈ ಪರಿಕಲ್ಪನೆಯ ಮೊದಲ ನಿರೂಪಣೆಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. ಅಂದಿನಿಂದ ಈ ಅಳತೆಗಾಗಿ ಅನೇಕ ಸಾಧನಗಳು ರೂಪುಗೊಂಡಿವೆ. ಅವುಗಳಲ್ಲಿ ಕೆಲವು ದುಬಾರಿ, ಕೆಲವು ಉಚಿತ. ಸಣ್ಣ ಸಂಸ್ಥೆಗಳು, ವಿದ್ಯಾರ್ಥಿ ತಂಡಗಳು ಹಾಗೂ ಸಾರ್ವಜನಿಕ ಸಂಸ್ಥೆಗಳಿಗಾಗಿ ತಂತ್ರಾಂಶ ರಚಿಸುವವರು ಸಾಧನವನ್ನು ಆಯ್ಕೆ ಮಾಡುವಾಗ ಮೊದಲು ಗಮನಿಸುವುದು ಬೆಲೆಯನ್ನು. ಆದರೆ ಇಂದು ಸಾಧನಗಳ ನಡುವಿನ ಮಹತ್ವದ ವ್ಯತ್ಯಾಸವಿರುವುದು ಬೆಲೆಯಲ್ಲಲ್ಲ. ಅವು ಏನನ್ನು ಎಣಿಸುತ್ತವೆ ಎಂಬುದರಲ್ಲಿ.

ಪ್ರಮುಖ ಉಚಿತ ಸಾಧನಗಳ ಕಾರ್ಯವಿಧಾನವನ್ನು ಮೊದಲು ಪರಿಶೀಲಿಸಬಹುದು. ಸಿ ಮತ್ತು ಸಿ++ ಭಾಷೆಗಳಿಗೆ ಬಳಕೆಯಾಗುವ ಜಿಕೋವ್, ಜಿಸಿಸಿ ಕಂಪೈಲರಿನ ಅಂಗವಾಗಿಯೇ ದೊರೆಯುತ್ತದೆ. ಕಂಪೈಲರು ಪ್ರೋಗ್ರಾಮಿನೊಳಗೆ ಎಣಿಕೆಯ ಆಜ್ಞೆಗಳನ್ನು ಸೇರಿಸುತ್ತದೆ. ಪ್ರೋಗ್ರಾಂ ಓಡಿದಾಗ ಪ್ರತಿಯೊಂದು ಭಾಗ ಎಷ್ಟು ಬಾರಿ ಕಾರ್ಯಗತವಾಯಿತು ಎಂಬುದು ಕಡತದಲ್ಲಿ ದಾಖಲಾಗುತ್ತದೆ. ಎಲ್‌ಕೋವ್ ಎಂಬ ಜೊತೆ ಸಾಧನವು ಆ ದಾಖಲೆಯನ್ನು ಓದಲು ಅನುಕೂಲವಾದ ಪುಟಗಳಾಗಿ ಪರಿವರ್ತಿಸುತ್ತದೆ. ಪೈಥಾನ್ ಭಾಷೆಯ ಕವರೇಜ್.ಪೈ ಸಾಧನವನ್ನು 2001ರಲ್ಲಿ ಗ್ಯಾರೆತ್ ರೀಸ್ ರಚಿಸಿದರು. 2004ರಿಂದ ನೆಡ್ ಬ್ಯಾಚೆಲ್ಡರ್ ಅದನ್ನು ಬೆಳೆಸುತ್ತ ಬಂದಿದ್ದಾರೆ. ಅದು ಪ್ರೋಗ್ರಾಂ ಓಡುತ್ತಿರುವಾಗ ಸಾಲುಸಾಲನ್ನೂ ಹಿಂಬಾಲಿಸುವುದರಿಂದ ಪರೀಕ್ಷೆಯ ವೇಗ ಕುಗ್ಗುತ್ತದೆ. 2023ರಲ್ಲಿ ಬಂದ ಪೈಥಾನ್ 3.12 ಆವೃತ್ತಿಯ ಹೊಸ ವೀಕ್ಷಣಾ ಸೌಲಭ್ಯವು ಈ ಹೊರೆಯನ್ನು ತಗ್ಗಿಸಲು ದಾರಿ ಮಾಡಿಕೊಟ್ಟಿದೆ.

ಜಾವಾ ಭಾಷೆಗೆ ಎರಡು ಭಿನ್ನ ಮಾರ್ಗಗಳಿವೆ. ಜಾಕೊಕೊ ಸಾಧನವು ಆಕರ ಸಂಕೇತವನ್ನು ಮುಟ್ಟದೆ, ಬೈಟ್‌ಕೋಡ್ ಸ್ಮೃತಿಗೆ ಬರುವ ಹಂತದಲ್ಲಿ ತನ್ನ ಗುರುತುಗಳನ್ನು ಅದರೊಳಗೆ ಸೇರಿಸುತ್ತದೆ. ಓಪನ್‌ಕ್ಲೋವರ್ ಆಕರ ಸಂಕೇತವನ್ನೇ ಮಾರ್ಪಡಿಸಿ ಕಂಪೈಲ್ ಮಾಡಿಸುತ್ತದೆ. ಇದರಿಂದ ಕೆಲಸ ಹೆಚ್ಚಿದರೂ, ಯಾವ ಪರೀಕ್ಷೆ ಯಾವ ಸಾಲನ್ನು ತಲುಪಿತು ಎಂಬ ವಿವರ ದೊರೆಯುತ್ತದೆ. ಇದರ ಇತಿಹಾಸ ಗಮನಾರ್ಹವಾದುದು. ಕ್ಲೋವರ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಈ ಸಾಧನವನ್ನು ಅಟ್ಲಾಸಿಯನ್ ಸಂಸ್ಥೆಯು 2007ರಲ್ಲಿ ಸೆನ್‌ಕ್ವಾ ಸಂಸ್ಥೆಯೊಡನೆ ತನ್ನದಾಗಿಸಿಕೊಂಡಿತು. 2017ರಲ್ಲಿ ಮುಕ್ತ ಪರವಾನಗಿಯಡಿ ಅದನ್ನು ಬಿಡುಗಡೆ ಮಾಡಿತು. ಹತ್ತು ವರ್ಷಗಳ ಹಿಂದೆ ಹಣ ಕೊಟ್ಟು ಪಡೆಯಬೇಕಿದ್ದುದು ಹೀಗೆ ಎಲ್ಲರಿಗೂ ಲಭ್ಯವಾಯಿತು.

ಎಣಿಕೆಯ ಭೇದ ಎಷ್ಟು ಗಂಭೀರವಾದುದೆಂಬುದನ್ನು ಗ್ರಂಥಾಲಯದ ಒಂದು ನಿಯಮದಿಂದ ಸ್ಪಷ್ಟಪಡಿಸಬಹುದು. ‘ಗಡುವು ಮೀರಿದ್ದು, ಓದುಗರಿಗೆ ವಿನಾಯಿತಿ ಇಲ್ಲದಿದ್ದರೆ ದಂಡ ವಿಧಿಸಬೇಕು’ ಎಂಬ ನಿಯಮವನ್ನು ಒಂದೇ ಸಾಲಿನ ಷರತ್ತಾಗಿ ಬರೆಯಲಾಗಿದೆ ಎಂದಿಟ್ಟುಕೊಳ್ಳಬಹುದು. ಮೊದಲ ಪರೀಕ್ಷೆಯಲ್ಲಿ ಗಡುವು ಮೀರಿದೆ, ವಿನಾಯಿತಿ ಇಲ್ಲ, ದಂಡ ಬೀಳುತ್ತದೆ. ಈ ಒಂದೇ ಪರೀಕ್ಷೆಯಿಂದ ಎಲ್ಲ ಸಾಲುಗಳೂ ಕಾರ್ಯಗತವಾಗಿ ಸಾಲುಗಳ ವ್ಯಾಪ್ತಿ ಶೇ. 100 ಎಂದು ವರದಿಯಾಗುತ್ತದೆ. ಎರಡನೆಯ ಪರೀಕ್ಷೆಯಲ್ಲಿ ಗಡುವು ಮೀರಿಲ್ಲ, ದಂಡವಿಲ್ಲ. ಈಗ ಷರತ್ತಿನ ಎರಡೂ ಕವಲುಗಳನ್ನು ಹಾದಂತಾಯಿತು. ಕವರೇಜ್.ಪೈ ಕವಲನ್ನು ಒಂದು ಸಾಲಿನಿಂದ ಮತ್ತೊಂದು ಸಾಲಿಗೆ ಆಗುವ ಜಿಗಿತವೆಂದು ಎಣಿಸುವುದರಿಂದ ಕವಲು ವ್ಯಾಪ್ತಿಯನ್ನೂ ಶೇ. 100 ಎಂದೇ ತೋರಿಸುತ್ತದೆ. ಇದೇ ನಿಯಮವನ್ನು ಜಾವಾದಲ್ಲಿ ಬರೆದು ಇವೇ ಎರಡು ಪರೀಕ್ಷೆಗಳನ್ನು ನಡೆಸಿದರೆ, ಜಾಕೊಕೊ ಬೈಟ್‌ಕೋಡಿನ ಮಟ್ಟದಲ್ಲಿ ಎರಡು ಷರತ್ತುಗಳಿಗೆ ನಾಲ್ಕು ಕವಲುಗಳನ್ನು ಎಣಿಸಿ, ಮೂರನ್ನು ಮಾತ್ರ ಹಾಯಲಾಗಿದೆ ಎನ್ನುತ್ತದೆ, ಅಂದರೆ ಶೇ. 75.

ಹಾಯದೆ ಉಳಿದ ಆ ನಾಲ್ಕನೆಯ ಕವಲು ಯಾವುದು? ಗಡುವು ಮೀರಿದರೂ ವಿನಾಯಿತಿ ಪಡೆದ ಓದುಗರದು. ವಿನಾಯಿತಿಯನ್ನು ಗುರುತಿಸುವ ಭಾಗದಲ್ಲಿ ದೋಷವಿದ್ದರೆ ಅವರಿಗೆ ಅನ್ಯಾಯವಾಗಿ ದಂಡ ಬೀಳುತ್ತದೆ. ಮೊದಲ ಸಾಧನದ ವರದಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ಎರಡೂ ಉಚಿತ ಸಾಧನಗಳೇ, ಎರಡೂ ಬಳಸುವ ಪದ ‘ಕವಲು ವ್ಯಾಪ್ತಿ’ಯೇ. ಆದುದರಿಂದ ಭಿನ್ನ ಸಾಧನಗಳ ಶೇಕಡಾವಾರು ಅಂಕಿಗಳನ್ನು ನೇರವಾಗಿ ಹೋಲಿಸುವುದು ದೋಷಪೂರ್ಣವೆನಿಸುತ್ತದೆ.

ಹಾಗಾದರೆ ದುಬಾರಿ ಸಾಧನಗಳಿಗೆ ತೆರುವ ಹಣ ಯಾವುದಕ್ಕೆ? ವಿಮಾನ ತಂತ್ರಾಂಶದ ಕ್ಷೇತ್ರದಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. 1992ರ ಡಿಒ-178ಬಿ ಹಾಗೂ 2011ರ ಡಿಒ-178ಸಿ ಮಾರ್ಗಸೂಚಿಗಳು, ವಿಫಲವಾದರೆ ಮಹಾದುರಂತಕ್ಕೆ ಕಾರಣವಾಗಬಲ್ಲ ತಂತ್ರಾಂಶಕ್ಕೆ ಎಂ.ಸಿ.ಡಿ.ಸಿ. ಎಂಬ ಕಠಿಣ ಮಾನದಂಡವನ್ನು ವಿಧಿಸಿವೆ. ಪ್ರತಿಯೊಂದು ಷರತ್ತೂ ತಾನೊಂದೇ ಫಲಿತಾಂಶವನ್ನು ಬದಲಿಸಬಲ್ಲದು ಎಂಬುದನ್ನು ಪರೀಕ್ಷೆಗಳು ತೋರಿಸಬೇಕೆಂಬುದು ಇದರ ತಿರುಳು. ಮೇಲಿನ ನಿದರ್ಶನದಲ್ಲಿ ವಿನಾಯಿತಿ ಪಡೆದ ಓದುಗರ ಮೂರನೆಯ ಪರೀಕ್ಷೆಯನ್ನು ಸೇರಿಸಿದರೆ ಈ ಮಾನದಂಡವೂ ಪೂರೈಸುತ್ತದೆ. ಬಹುಕಾಲ ವಾಣಿಜ್ಯ ಸಾಧನಗಳ ವಿಶೇಷವೆನಿಸಿದ್ದ ಈ ಅಳತೆಯನ್ನು 2024ರಲ್ಲಿ ಬಿಡುಗಡೆಯಾದ ಜಿಸಿಸಿ 14 ಹಾಗೂ ಕ್ಲಾಂಗ್ 18 ಆವೃತ್ತಿಗಳು ಉಚಿತವಾಗಿಯೇ ಒದಗಿಸುತ್ತವೆ. ಈಗ ಹಣ ತೆರಬೇಕಾಗುವುದು ಮುಖ್ಯವಾಗಿ ಸಾಧನದ ವಿಶ್ವಾಸಾರ್ಹತೆಯನ್ನು ಪ್ರಮಾಣೀಕರಣ ಸಂಸ್ಥೆಗೆ ರುಜುವಾತುಪಡಿಸುವ ದಾಖಲೆಗಳಿಗೆ ಮತ್ತು ತಯಾರಕರ ನೆರವಿಗೆ. ಬೆಂಗಳೂರಿನಲ್ಲಿ ವಿಮಾನ ತಂತ್ರಾಂಶ ರಚಿಸುವವರಿಗೆ ಅಂತಹ ದಾಖಲೆ ಅನಿವಾರ್ಯವಾಗಬಹುದು. ಗ್ರಂಥಾಲಯ ತಂತ್ರಾಂಶ ರಚಿಸುವವರಿಗೆ ಅಲ್ಲ.

ಉಚಿತ ಸಾಧನದಿಂದ ಎಷ್ಟು ದೂರ ಸಾಗಬಹುದೆಂಬುದಕ್ಕೆ ಎಸ್‌ಕ್ಯುಲೈಟ್ ದತ್ತಸಂಚಯ ತಂತ್ರಾಂಶವು ಉತ್ತಮ ನಿದರ್ಶನ. 2009ರಲ್ಲಿ ಅದು ತನ್ನ ತಿರುಳು ಭಾಗಕ್ಕೆ ಪೂರ್ಣ ಕವಲು ವ್ಯಾಪ್ತಿಯನ್ನು ಸಾಧಿಸಿತು; ಅಳೆಯಲು ಬಳಸಿದ್ದು ಜಿಕೋವ್. ಆದರೆ 2023ರ 3.42.0 ಆವೃತ್ತಿಯ ಲೆಕ್ಕದಂತೆ ಅಲ್ಲಿನ ಪರೀಕ್ಷಾ ಸಂಕೇತವು ಮೂಲ ಸಂಕೇತದ 590 ಪಟ್ಟು. ಅಳೆಯುವ ಸಾಧನಕ್ಕೆ ಬೆಲೆಯಿಲ್ಲ. ಪರೀಕ್ಷೆ ಬರೆಯುವ ಮಾನವ ಶ್ರಮಕ್ಕೆ ಬೆಲೆಯಿದೆ.

ವರದಿಗಳನ್ನು ಸಂಗ್ರಹಿಸಿ ತೋರಿಸುವ ಅಂತರಜಾಲ ಸೇವೆಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕೋಡ್‌ಕವ್, ಕವರಾಲ್ಸ್ ಮುಂತಾದವು ಮುಕ್ತ ತಂತ್ರಾಂಶ ಯೋಜನೆಗಳಿಗೆ ಉಚಿತವಾಗಿವೆ. ಆದರೆ 2021ರಲ್ಲಿ ಕೋಡ್‌ಕವ್‌ನ ವರದಿ ರವಾನಿಸುವ ಸ್ಕ್ರಿಪ್ಟನ್ನು ಆಕ್ರಮಣಕಾರರು ತಿದ್ದಿದ್ದು ಬೆಳಕಿಗೆ ಬಂದಿತು. ಬಳಕೆದಾರರ ಗುಪ್ತ ಕೀಲಿಗಳು ಹೊರಹೋಗುವ ಅಪಾಯ ಅದರಿಂದ ಉಂಟಾಗಿತ್ತು. ಸ್ವಂತ ಗಣಕದಲ್ಲೇ ಸಿದ್ಧವಾಗುವ ವರದಿ ಸಣ್ಣ ತಂಡಕ್ಕೆ ಬಹುಮಟ್ಟಿಗೆ ಸಾಕು.

ಕೊನೆಯದಾಗಿ, ಈ ಅಳತೆಗೆ ತನ್ನದೇ ಆದ ಮಿತಿಯಿದೆ. ಲಾರಾ ಇನೊಜೆಮ್ತ್ಸೇವಾ ಮತ್ತು ರೀಡ್ ಹೋಮ್ಸ್ 2014ರಲ್ಲಿ ಐದು ದೊಡ್ಡ ಜಾವಾ ತಂತ್ರಾಂಶಗಳಿಗೆ ಸಂಬಂಧಿಸಿದ 31,000 ಪರೀಕ್ಷಾ ಗುಚ್ಛಗಳನ್ನು ಅಧ್ಯಯನ ಮಾಡಿದರು. ಪರೀಕ್ಷೆಗಳ ಸಂಖ್ಯೆಯ ಪ್ರಭಾವವನ್ನು ಪ್ರತ್ಯೇಕಿಸಿ ನೋಡಿದಾಗ, ವ್ಯಾಪ್ತಿಗೂ ದೋಷ ಹಿಡಿಯುವ ಸಾಮರ್ಥ್ಯಕ್ಕೂ ಪ್ರಬಲ ಸಂಬಂಧ ಕಾಣಲಿಲ್ಲ. ಕಾರಣ ಊಹಿಸಬಹುದಾದದ್ದೇ: ಸಾಲು ಓಡಿತೆಂಬುದನ್ನು ಸಾಧನ ಬಲ್ಲದು, ಫಲಿತಾಂಶ ಸರಿಯೇ ಎಂಬುದನ್ನು ಅರಿಯದು. ಬರೆಯಲು ಮರೆತ ನಿಯಮವಂತೂ ಯಾವ ವರದಿಯಲ್ಲಿಯೂ ಕಾಣಿಸಿಕೊಳ್ಳದು.

ಒಟ್ಟಾರೆ, ಭಾಷೆಗೆ ಒಗ್ಗುವ ಉಚಿತ ಸಾಧನವನ್ನು ಆರಿಸುವುದು, ಸಾಲಿನ ಜೊತೆಗೆ ಕವಲಿನ ಎಣಿಕೆಯನ್ನೂ ಸಕ್ರಿಯಗೊಳಿಸುವುದು, ಆ ಎಣಿಕೆಯ ಅರ್ಥವನ್ನು ಅರಿತು ಒಂದೇ ಸಾಧನದ ಅಂಕಿಗಳನ್ನು ಕಾಲಾನುಕ್ರಮದಲ್ಲಿ ಹೋಲಿಸುವುದು ಅಲ್ಪವೆಚ್ಚದ ಸರಿಯಾದ ಮಾರ್ಗ. ವರದಿಯಲ್ಲಿ ಮೊದಲು ಓದಬೇಕಾದದ್ದು ಶೇಕಡಾವಾರು ಮೊತ್ತವನ್ನಲ್ಲ, ಪರೀಕ್ಷೆ ತಲುಪದೆ ಉಳಿದ ಸಾಲುಗಳನ್ನು ಹಾಗೂ ಕವಲುಗಳನ್ನು. ವಿನಾಯಿತಿಯಿದ್ದೂ ದಂಡ ತೆರಬೇಕಾಗುವ ಓದುಗರು ಇರುವುದು ಅಲ್ಲಿಯೇ.